ಪದಗಳ ನಡುವೆ ಇದ್ದದ್ದು

ಡಾಕ್ಟರು ತೀರಿಕೊಂಡರೆಂದು ಅವರ ಮಗಳು ಫೋನಿನಲ್ಲಿ ಹೇಳಿದಾಗ ಅವನಿಗೆ ಮೊದಲು ಹೊಳೆದದ್ದು, ಪದದ ಕೊನೆಯಲ್ಲಿ ಬರುವ ಮಹಾಪ್ರಾಣ ತಕಾರಕ್ಕೆ ಇನ್ನೂ ಒಂದೆರಡು ಉದಾಹರಣೆ ಬಾಕಿ ಉಳಿದಿವೆ ಎಂಬುದು. ರಜೆ ಮುಗಿದ ಮೇಲೆ ಒಂದು ಬುಧವಾರ ಕರೆಸಿ ಹೇಳಿಸಿಕೊಂಡರಾಯಿತು ಎಂದು ಬಿಟ್ಟಿದ್ದ. ಇನ್ನು ಅದು ಆಗುವ ಮಾತಲ್ಲ ಎಂಬ ಯೋಚನೆ ಮೊದಲು ಬಂದು, ಅದರ ಬೆನ್ನಿಗೆ, ತಡವಾಗಿ ಬಂದು ಬಾಗಿಲಲ್ಲಿ ಹಿಂಜರಿಯುವ ನೆಂಟನ ಹಾಗೆ, ಸಂಕಟ ಬಂತು. ಛೇ ಎಂದ. ಯಾವಾಗ ಎಂದ. ಎರಡು ವಾರವಾಯಿತು ಎಂದಳು. ಆ ಹೆಣ್ಣುಮಗಳು ನಾಳೆ ಮಧ್ಯಾಹ್ನ ಬರಬಹುದೇ, ಅಪ್ಪನ ದನಿ ನಿಮ್ಮಲ್ಲಿ ಇದೆಯಂತಲ್ಲ ಎಂದು ಕೇಳಿದಾಗ, ಧಾರಾಳವಾಗಿ ಬನ್ನಿ ಎಂದುಬಿಟ್ಟ. ಫೋನಿಟ್ಟ ಮೇಲೆ ಆ ‘ಧಾರಾಳ’ ಎಂಬ ಪದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಅವನನ್ನು ಕಾಡತೊಡಗಿತು. ಅವನಲ್ಲಿ ಏನಿದೆ, ಏನಿಲ್ಲ ಎಂಬುದು ಅವನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ತಿಂಡಿಯ ಮುಂದೆ ಕೂತಾಗಲೂ ಅದೇ. ಹೆಂಡತಿ ಎದುರಿಗೆ ಕೂತು ಏನೋ ಹೇಳುತ್ತಿದ್ದಳು. ಅವಳ ದನಿ ಏರುವುದು, ಒಂದು ಕಡೆ ನಿಲ್ಲುವುದು, ವಾಕ್ಯದ ಕೊನೆಯಲ್ಲಿ ಸುಸ್ತಾದಂತೆ ಇಳಿಯುವುದು ಅವನಿಗೆ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. “ಕೇಳ್ತಿದೀರಾ?” ಎಂದಳು. ಕೇಳುತ್ತಿದ್ದೇನೆ ಎಂದ. “ಹಾಗಾದ್ರೆ ನಾನೇನಂದೆ ಹೇಳಿ ನೋಡೋಣ.” ಅವಳು ‘ಹೇಳಿ’ಯಲ್ಲಿ ಹಕಾರವನ್ನು ಅರ್ಧ ನುಂಗಿದ್ದಳು, ಅದನ್ನು ಬೇಕಾದರೆ ಅವನು ಹೇಳಬಲ್ಲವನಾಗಿದ್ದ. “ನಿನ್ನ ತಮ್ಮನ ವಿಷಯ,” ಎಂದ. “ತಮ್ಮನ ವಿಷಯ ನಿನ್ನೇನೇ ಮುಗೀತು. ನನ್ನ ಮಂಡಿ ವಿಷಯ ಹೇಳ್ತಿದ್ದೆ,” ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಿಲ್ಲದೆ ಹೋದದ್ದು ಅವನಿಗೆ ಹೆಚ್ಚು ನಾಟಿತು. ಹಿಂದೆಯೇ ಎದ್ದು ಹೋಗಿ ಮಂಡಿ ಹೇಗಿದೆ ಎಂದು ಕೇಳಬೇಕೆನ್ನಿಸಿತು. ನಲ್ಲಿಯ ಸದ್ದು ಶುರುವಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟ.

ವಿಭಾಗದ ಮೆಟ್ಟಿಲಲ್ಲಿ ಮುಖ್ಯಸ್ಥರು ಸಿಕ್ಕಿ, “ಏನ್ರೀ, ನಿಮ್ಮ ಆರ್ಮೇನಿಯನ್ನೂ ಕ್ಯಾಂಟನೀಸೂ ಮದುವೆಗೆ ಒಪ್ಪಿದವಾ?” ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ಅವನ ಪ್ರಬಂಧ ಆ ಎರಡು ಭಾಷೆಗಳ ಧ್ವನಿಗಳ ತುಲನೆ; ಎರಡು ವರ್ಷದಿಂದ ಇದೇ ನಗೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಎಲ್ಲರೂ ಕೇಳುವವರೇ. ಸಂಬಂಧ ಇಲ್ಲದಿರುವುದೇ ಅವನಿಗೆ ಬೇಕಾಗಿತ್ತು. ಒಂದು, ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸಿಕೊಂಡು ಹೋಗುವ ಭಾಷೆ. ಇನ್ನೊಂದು, ಏನಾದರೂ ಆಗಲಿ ಎಂದು ಪದವನ್ನು ಒಂದಿಷ್ಟೂ ಬದಲಿಸದೆ ಹಾಗೇ ನಿಲ್ಲಿಸುವ ಭಾಷೆ. ಒಂದರಲ್ಲಿ ನಾಲಿಗೆಯ ತುದಿ ಮೂರು ಬಗೆಯ ತಕಾರಗಳನ್ನು ಬಿಡಿಸಿಡಬೇಕು. ಇನ್ನೊಂದರಲ್ಲಿ ಗಂಟಲು ಅದೇ ‘ಸಿ’ಯನ್ನು ಆರು ಎತ್ತರಗಳಲ್ಲಿ ಇಟ್ಟು ಕವಿತೆ, ಇತಿಹಾಸ, ಪ್ರಯತ್ನ, ಕಾಲ, ಸಂತೆ, ಸಂಗತಿ ಎಂದು ಬೇರೆ ಬೇರೆ ಮಾಡಬೇಕು. ಪರಿಚಯವೇ ಇಲ್ಲದ ಎರಡು ಬಾಯಿಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ ನೋಡಿದರೆ ಮನುಷ್ಯನ ಬಾಯಿಗೆ ಏನೆಲ್ಲ ಸಾಧ್ಯ ಎಂಬುದು ಕಾಣುತ್ತದೆ ಎಂದು ಅವನು ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದ. ಬಾಯಿಗಳು ಎಂದೇ ಬರೆದಿದ್ದ. ಇವತ್ತು ಮೆಟ್ಟಿಲ ಮೇಲೆ ನಿಂತು, ಆ ಬಾಯಿಗಳಲ್ಲಿ ಒಂದು ಹೋಯಿತು ಸರ್ ಎಂದು ಹೇಳಲು ನಾಲಿಗೆ ಏಳದೆ, ಮುಖ್ಯಸ್ಥರ ಜೊತೆ ತಾನೂ ನಕ್ಕ.

ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ಮನೆಮಾತು ಆರ್ಮೇನಿಯನ್, ನಿವೃತ್ತರಾಗಿದ್ದರು. ಮೊದಲನೇ ದಿನ ಮೈಕಿನ ಮುಂದೆ ಕೂತವರೇ, “ಮೇಷ್ಟ್ರೇ, ನಾವಿಬ್ಬರೂ ಒಂದೇ ಕಸುಬಿನವರು. ಇನ್ನೊಬ್ಬರ ಬಾಯಿ ನೋಡಿ ಹೊಟ್ಟೆ ಹೊರೆಯೋರು. ಒಂದೇ ವ್ಯತ್ಯಾಸ ಅಂದ್ರೆ ನನ್ನ ಹತ್ರ ಬಂದೋರು ಮಾತಾಡೋ ಹಾಗಿರ್ಲಿಲ್ಲ,” ಎಂದಿದ್ದರು. ಮೂಲೆಯ ಕುರ್ಚಿಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಗಣಿತದ ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಆಕೆಯ ಮನೆಮಾತು ದಕ್ಷಿಣ ಚೀನಾದ ಕ್ಯಾಂಟನೀಸು; ಆಕೆಯೂ ನಿವೃತ್ತಳು, ಒಂಟಿ. ಇಬ್ಬರಿಗೂ ಸಾಮಾನ್ಯವಾಗಿದ್ದದ್ದು ಊರ ಮಾತು ಒಂದೇ. ಬುಧವಾರ ಅವನು ಯಂತ್ರ ಜೋಡಿಸುತ್ತಿರುವಾಗ ಅವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತು ತಮ್ಮ ತಮ್ಮ ಭಾಷೆಯನ್ನು ಮಕ್ಕಳು ಗೋಲಿ ತೋರಿಸಿಕೊಳ್ಳುವ ಹಾಗೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ನಮ್ಮ ಅಕ್ಷರಗಳನ್ನ ಒಬ್ಬ ಸಂನ್ಯಾಸಿ ಕೂತು ಮಾಡಿದ್ದು ಎಂದು ಇವರು. ನಾವು ಮಾತಾಡೋ ಹಾಗೆ ಬರೆಯೋದಿಲ್ಲ, ಬರೆಯೋ ಹಾಗೆ ಮಾತಾಡೋದಿಲ್ಲ, ಸಾಯೋವರೆಗೂ ಎರಡು ಲೆಕ್ಕ ಇಟ್ಕೋಬೇಕು ಎಂದು ಆಕೆ. ಒಂದು ದಿನ, ‘ಅವನು’ ‘ಅವಳು’ ಎರಡಕ್ಕೂ ತಮ್ಮಲ್ಲಿ ಒಂದೇ ಪದ ಎಂದು ಡಾಕ್ಟರು ಹೇಳಿದ್ದೇ ತಡ, ಟೀಚರಮ್ಮ, “ಅಯ್ಯೋ, ನಮ್ಮಲ್ಲೂ ಮಾತಲ್ಲಿ ಹಂಗೇ!” ಎಂದು ಕೂಗಿದಳು. ಇಬ್ಬರೂ ಎದ್ದು ನಿಂತು, ಕಳೆದುಹೋದ ದಾಯಾದಿಗಳು ಸಿಕ್ಕಂತೆ, ಕೈ ಕುಲುಕಿಕೊಂಡರು. ಅವನು ಒಳಗಿನಿಂದ ಕೇಳಿಸಿಕೊಂಡು ಪ್ರಬಂಧದಲ್ಲಿ ಒಂದು ಪ್ಯಾರಾ ಬರೆದ. ಅದು ಎಲ್ಲಿಂದ ಬಂತೆಂದು ಬರೆಯಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಡಾಕ್ಟರ ಮಗಳು ಬಂದಳು. ಮೂವತ್ತೈದರ ಆಸುಪಾಸು, ಆಫೀಸಿನಿಂದ ನೇರವಾಗಿ ಬಂದಿರಬೇಕು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ಧ್ವನಿಮುದ್ರಣದ ಕೋಣೆಯ ಸ್ಪಂಜು ಹೊದಿಸಿದ ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡಿ, “ಅಪ್ಪ ಇಲ್ಲೇ ಕೂರ್ತಿದ್ರಾ?” ಎಂದು ಮೈಕಿನ ಮುಂದಿನ ಕುರ್ಚಿಯಲ್ಲಿ ಅಂಚಿಗೆ ಕೂತಳು. ಅವನು ಅವಳ ಕಿವಿಗೆ ಹೆಡ್‌ಫೋನ್ ಕೊಟ್ಟು ಗುಂಡಿ ಒತ್ತಿದ. ಅವಳಿಗೆ ಏನು ಕೇಳುತ್ತಿದೆ ಎಂಬುದು ಅವನಿಗೆ ಬಾಯಿಪಾಠವಿತ್ತು. ದಾರ್. ದಾರ್. ದಾರ್. ಶತಮಾನ ಎಂದು ಅರ್ಥ. ಆಮೇಲೆ ತಾರ್. ತಾರ್. ತಾರ್. ಪ್ರತಿ ಪದವೂ ಮೂರು ಸಲ, ನಡುವೆ ಒಗೆದು ಹಾಕಿದಂಥ ನಿಶ್ಶಬ್ದ. ಅವಳ ಮುಖ ಮೊದಲ ಪದಕ್ಕೆ ಅರಳಿತು, ಆಮೇಲೆ ಕಾಯತೊಡಗಿತು, ಆಮೇಲೆ ಕಾಯುತ್ತಲೇ ಉಳಿಯಿತು. ಬಹಳ ಹೊತ್ತಾದ ಮೇಲೆ ಹೆಡ್‌ಫೋನ್ ಕೆಳಗಿಳಿಸಿ, “ಇದರಲ್ಲಿ ಅಪ್ಪ ಕೆಮ್ಮೋದೂ ಇಲ್ವಲ್ಲ,” ಎಂದಳು. “ಎರಡು ಮಾತಿಗೊಂದು ಸಲ ಕೆಮ್ತಿದ್ರು.”

ಹೌದು, ಕೆಮ್ಮುತ್ತಿದ್ದರು. ಒಂದೊಂದು ಕೆಮ್ಮನ್ನೂ ಅವನು ಕೈಯಾರೆ ಕತ್ತರಿಸಿ ತೆಗೆದಿದ್ದ. ರಜೆಗೆ ಮುಂಚೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ವಿಭಾಗದಿಂದ ಸೂಚನೆ ಬಂದು, ಬೇಡದ್ದನ್ನೆಲ್ಲ ತೆಗೆಯಬೇಕಾಗಿ ಬಂದಾಗ, ಅಕ್ಕಿಯಲ್ಲಿ ಕಲ್ಲು ಆರಿಸುವವನ ಹಾಗೆ ಕೂತು ಪದಗಳನ್ನಷ್ಟೇ ಉಳಿಸಿಕೊಂಡು ನಡುವಿನದನ್ನೆಲ್ಲ ಅಳಿಸಿದ್ದ. ಕುರ್ಚಿಯ ಕಿರುಗುಟ್ಟು, ನೀರು ಕುಡಿದ ಸದ್ದು, ಟೀಚರಮ್ಮನ ನಗು, ಡಾಕ್ಟರ ಹರಟೆ. ಕೊನೆಕೊನೆಯ ಬುಧವಾರಗಳಲ್ಲಿ ಪದಗಳು ಮುಗಿದ ಮೇಲೂ ಡಾಕ್ಟರು ಏಳುತ್ತಿರಲಿಲ್ಲ. ಮೈಕಿನ ಕಡೆ ಸ್ವಲ್ಪ ಬಾಗಿ ತಮ್ಮ ಭಾಷೆಯಲ್ಲಿ ಮಾತಾಡುತ್ತ ಹೋಗುತ್ತಿದ್ದರು. ಒಂದು ದಿನ ಬಹಳ ಹೊತ್ತು ಮಾತಾಡಿದರು, ಯಾರನ್ನೋ ಎದುರಿಗೆ ಕೂರಿಸಿಕೊಂಡ ಹಾಗೆ. ನಡುವೆ ಒಂದೆರಡು ಸಲ ನಕ್ಕರು, ಒಮ್ಮೆ ಬೆರಳಿನಿಂದ ಮೇಜಿನ ಅಂಚನ್ನು ಸವರಿದರು. ಅವನು ಗಾಜಿನ ಈಚೆ ಕೂತು ತಲೆಯಾಡಿಸಿದ. ಅವನಿಗೆ ಆ ಭಾಷೆಯ ಧ್ವನಿಗಳು ಗೊತ್ತಿದ್ದವೇ ಹೊರತು ಭಾಷೆ ಗೊತ್ತಿರಲಿಲ್ಲ. ಆ ದಿನದ್ದನ್ನು ಅಳಿಸುವಾಗ ಕೈ ಒಂದು ಕ್ಷಣ ತಡೆದದ್ದು ನಿಜ. ತುಲನೆಗೆ ಇದು ಬೇಕಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದೂ ನಿಜ.

“ಯಂತ್ರದಲ್ಲಿ ಏನೋ ತೊಂದರೆ ಆಗಿತ್ತಮ್ಮ,” ಎಂದ. “ಪದಗಳು ಮಾತ್ರ ಉಳಿದವು.” ಸುಳ್ಳು ಎಷ್ಟು ಸಲೀಸಾಗಿ, ಒತ್ತಕ್ಷರವೂ ತಪ್ಪದೆ ಹೊರಬಂತೆಂದರೆ ಅವನಿಗೇ ಗಾಬರಿಯಾಯಿತು. ಅವಳು ನಂಬಿದಳು. ನಂಬಿದ್ದು ಮಾತ್ರವಲ್ಲ, ಪಾಪ ನಿಮಗೆಷ್ಟು ಕಷ್ಟ ಆಗಿರಬೇಕು ಎಂಬಂತೆ ನೋಡಿದಳು. “ಈ ತಾರ್ ಅಂದ್ರೆ ಏನು?” ಎಂದು ಕೇಳಿದಳು. ತೆಗೆದುಕೊಂಡು ಹೋಗು ಅಂತ, ಎಂದ. “ನಾವು ತಾ ಅಂದ್ರೆ ತಗೊಂಡು ಬಾ. ಅವರಲ್ಲಿ ತಾರ್ ಅಂದ್ರೆ ತಗೊಂಡು ಹೋಗು. ನಿಮ್ಮ ತಂದೆ ಇದನ್ನ ಹೇಳಿ ತುಂಬಾ ನಗ್ತಿದ್ರು.” ಅವಳು ನಗಲಿಲ್ಲ.

“ನಿಮಗೆ ಗೊತ್ತು, ನನಗೆ ಗೊತ್ತಿಲ್ಲ ನೋಡಿ,” ಎಂದಳು. ಆಮೇಲೆ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತ, ಅವನನ್ನು ನೋಡದೆ ಹೇಳಿದಳು. ಚಿಕ್ಕವಳಿದ್ದಾಗ ಅಪ್ಪ ಅವಳ ಜೊತೆ ಆ ಭಾಷೆಯನ್ನೇ ಆಡುತ್ತಿದ್ದರಂತೆ. ಒಂದು ದಿನ ಶಾಲೆಯ ಗೇಟಿನಲ್ಲಿ ನಿಂತು ಅದರಲ್ಲೇ ಗಟ್ಟಿಯಾಗಿ ಕರೆದರು. ಗೆಳತಿಯರು ಅಣಕಿಸಿ ನಕ್ಕರು. “ಮನೆಗೆ ಬಂದು, ಇನ್ಮೇಲೆ ನನ್ನ ಹತ್ರ ಆ ಭಾಷೇಲಿ ಮಾತಾಡ್ಬೇಡಿ ಅಂದೆ. ಅಪ್ಪ ಆಯ್ತಮ್ಮ ಅಂದ್ರು. ಅಷ್ಟೇ ಸರ್. ಕೊನೇವರೆಗೂ ಆಡ್ಲಿಲ್ಲ, ನನಗೂ ಮರೆತೇಹೋಯ್ತು. ಅಮ್ಮನಿಗೆ ಅದು ಬರ್ತಿರ್ಲಿಲ್ಲ. ಮನೇಲಿ ಅಪ್ಪ ಯಾರ ಜೊತೆ ಆಡ್ಬೇಕಿತ್ತು? ನಾನದನ್ನ ಯೋಚ್ನೆ ಸಹ ಮಾಡಿರ್ಲಿಲ್ಲ.” ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಅವರ ಬಾಯಿಂದ ಊರ ಮಾತು ಪೂರ್ತಿ ಹೊರಟುಹೋಗಿತ್ತು. ಅದೊಂದೇ ಉಳಿದಿತ್ತು. ಅವಳ ಕೈ ಹಿಡಿದುಕೊಂಡು ಏನನ್ನೋ ಮತ್ತೆ ಮತ್ತೆ ಹೇಳುತ್ತಿದ್ದರು. “ನರ್ಸು, ಏನು ಕೇಳ್ತಿದಾರೆ ಅಂದ್ರು. ಮಗಳಾಗಿ ಗೊತ್ತಿಲ್ಲ ಅನ್ಬೇಕಾಯ್ತು. ಅದೇ ಮಾತನ್ನ ಇಲ್ಲಿ ಯಾವಾಗ್ಲಾದ್ರೂ ಹೇಳಿದ್ರಾ ಅಂತ... ಇದ್ದಿದ್ರೆ, ಯಾರಿಗಾದ್ರೂ ಕೇಳಿಸಿ ಅರ್ಥ ತಿಳ್ಕೋಬಹುದಿತ್ತು.”

ಅವನು ಈಗಲಾದರೂ ಹೇಳಿಬಿಡಬಹುದಿತ್ತು. ಅವಳು ಕಣ್ಣೊರೆಸಿಕೊಂಡು, ಅಪ್ಪ ಬುಧವಾರದ ಟೀಚರ್ ಅಂತ ಒಬ್ಬರ ಬಗ್ಗೆ ಹೇಳುತ್ತಿದ್ದರು, ಅವರಿಗೆ ವಿಷಯ ತಿಳಿಸಬೇಕಲ್ಲ, ಮನೆ ಗೊತ್ತಾ ಎಂದಳು. ವಿಳಾಸ ಬರೆದು ಕೊಟ್ಟು ಕಳಿಸಿದ್ದರೆ ಆಗುತ್ತಿತ್ತು. “ನೀವೂ ಬನ್ನಿ ಸರ್. ನನಗೆ ಅವರ ಪರಿಚಯ ಇಲ್ಲ,” ಎಂದಳು. ಒಲ್ಲೆ ಎನ್ನಲು ಯಾವ ಕಾರಣವೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ನಿಂತೇ ಹೋದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಪಕ್ಕದಲ್ಲಿ ಯಾರೋ ಒಬ್ಬ ತಾಯಿ ಮಗುವಿಗೆ ಬಾಯಿ ಮುಚ್ಚು ಎಂದು ಗದರುತ್ತಿದ್ದಳು. ಟೀಚರಮ್ಮನಿಗೆ ತಾನು ರಜೆಯಿಂದ ಈಚೆಗೆ ಫೋನು ಮಾಡಿಲ್ಲ ಎಂಬುದು ಅವನಿಗೆ ನೆನಪಾಯಿತು. ಕೊನೆಯ ಬುಧವಾರ ಆಕೆ, ಮುಂದಿನ ವಾರ ಬರಬೇಕಾ ಎಂದು ಕೇಳಿದ್ದಳು. ಬೇಡ, ನಿಮ್ಮ ಸ್ವರಗಳೆಲ್ಲ ಸಿಕ್ಕಿದವು ಎಂದಿದ್ದ. ಆಕೆ ಡಾಕ್ಟರ ಕಡೆ ನೋಡಿದ್ದಳು, ಡಾಕ್ಟರು ಆಕೆಯ ಕಡೆ. ಆಗ ಅವನು ತಂತಿ ಸುತ್ತಿಡುವುದರಲ್ಲಿ ಮುಳುಗಿದ್ದ. ಆ ನೋಟ ಈಗ, ಬಸ್ಸಿನ ಹಿಡಿಕೆಗೆ ಜೋತುಬಿದ್ದಿರುವಾಗ, ಅವನಿಗೆ ಕಾಣಿಸಿತು.

ಮೂರನೇ ಮಹಡಿ, ಲಿಫ್ಟಿಲ್ಲ. ಬಾಗಿಲು ತೆರೆದ ಟೀಚರಮ್ಮ ಅವನನ್ನು ನೋಡಿ, “ಓಹೋ, ಈಗ ನೆನಪಾಯ್ತಾ ಮೇಷ್ಟ್ರಿಗೆ?” ಎಂದು ನಕ್ಕು, ಅವನ ಹಿಂದೆ ನಿಂತಿದ್ದವಳ ಮುಖ ನೋಡಿ ನಗು ನಿಲ್ಲಿಸಿದಳು. ಆ ಹಣೆ, ಆ ಹುಬ್ಬು ಯಾರದೆಂದು ಆಕೆಗೆ ಹೇಳಬೇಕಾಗಲಿಲ್ಲ. “ಯಾವಾಗ?” ಎಂದಳು. ಮಗಳು ಹೇಳಿದಳು. ಟೀಚರಮ್ಮ ಒಳಗೆ ಹೋಗಿ, ಇಬ್ಬರಿಗೂ ನೀರು ತಂದಿಟ್ಟು, ಕುರ್ಚಿಯ ಮೇಲಿದ್ದ ಮಡಚಿದ ಬಟ್ಟೆಗಳನ್ನು ಹಾಸಿಗೆಗೆ ಸಾಗಿಸಿ, ಅವನ್ನು ಮತ್ತೊಮ್ಮೆ ಮಡಚಿಟ್ಟು, ಆಮೇಲೆ ಕೂತಳು.

ದನಿಗಾಗಿ ಹೋಗಿದ್ದೆ ಆಂಟಿ, ಯಂತ್ರ ಕೆಟ್ಟಿತ್ತಂತೆ, ಬರೀ ಪದಗಳು ಸಿಕ್ಕಿದವು ಎಂದು ಮಗಳು ಹೇಳಿದಾಗ ಟೀಚರಮ್ಮ ತಲೆಯೆತ್ತಿದಳು. “ಕೆಟ್ಟಿತ್ತಾ? ಯಾವಾಗ ಕೆಟ್ಟಿತ್ತು? ಅವತ್ತು ನಿಮ್ಮಪ್ಪ ಅಷ್ಟುದ್ದ ಮಾತಾಡಿದ್ದನ್ನ ಇವರೇ ವಾಪಸು ಹಾಕಿ ನಮಗೆ ಕೇಳಿಸಿದ್ರಲ್ಲ. ಡಾಕ್ಟ್ರು ನನ್ನ ದನಿ ಇಷ್ಟು ಮುದಿ ಆಗಿದೆಯಾ ಅಂತ ನಕ್ಕಿದ್ರು.” ಆಕೆ ಯಾವ ಕೆಡುಕೂ ಇಲ್ಲದೆ ಅವನ ಕಡೆ ತಿರುಗಿ, “ಅಲ್ವಾ ಮೇಷ್ಟ್ರೇ?” ಎಂದಳು.

ಕೋಣೆಯಲ್ಲಿ ಗಡಿಯಾರದ ಸದ್ದೂ ಇರಲಿಲ್ಲ, ಅದರ ಹಿಂದೆ ಅಡಗಿಕೊಳ್ಳಲು. ಮಗಳು ನಿಧಾನವಾಗಿ ಅವನ ಕಡೆ ತಿರುಗಿದಳು. “ಅಳಿಸಿದ್ರಾ?” ಎಂದಳು.

“ಜಾಗ ಇರ್ಲಿಲ್ಲ.”

ಅದನ್ನು ಹೇಳಿದ ಮೇಲೆ ಅವನಿಗೆ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಕೂಗಾಡಬಹುದೆಂದು, ಎದ್ದು ಹೋಗಬಹುದೆಂದು ಕಾದ. ಅವಳು ಕೂಗಾಡಲಿಲ್ಲ. ಮಕ್ಕಳನ್ನು ವಿಚಾರಿಸುವಂಥ ತಗ್ಗಿದ ದನಿಯಲ್ಲಿ, “ಆದ್ರೆ ಅವತ್ತು ನೀವು ಎದುರಿಗೇ ಇದ್ರಲ್ಲ ಸರ್. ಕೇಳಿಸ್ಕೊಂಡಿರ್ತೀರಲ್ಲ. ಅಪ್ಪ ಏನೇನು ಹೇಳಿದ್ರು? ಒಂದು ಪದ, ಯಾವುದಾದ್ರೂ?” ಎಂದಳು.

“ನಾನು ತಕಾರ ಮಾತ್ರ ಕೇಳಿಸ್ಕೊಳ್ತಿದ್ದೆ,” ಎಂದ.

ಅದು ನಿಜವಾಗಿತ್ತು. ಇಡೀ ದಿನದಲ್ಲಿ ಅವನು ನೆಪವಿಲ್ಲದೆ ಆಡಿದ ಮೊದಲ ನಿಜ. ಆಡಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಮಗಳು ನೀರಿನ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟಳು. ಆಗ ಟೀಚರಮ್ಮ ತೊಡೆಯ ಮೇಲೆ ಕೈಯಿಟ್ಟುಕೊಂಡು, ತರಗತಿಯಲ್ಲಿ ಮರೆತ ಸೂತ್ರ ನೆನಪಿಸಿಕೊಳ್ಳುವವಳಂತೆ ಕಣ್ಣು ಮುಚ್ಚಿ, ಏನನ್ನೋ ಹೇಳಿದಳು.

ತ್ಸಾವತ್ ತಾನೆಮ್.

ಅಕ್ಷರಗಳು ಸರಿಯಿರಲಿಲ್ಲ. ವಕಾರ ತುಟಿಯಲ್ಲೇ ಕರಗಿಹೋಯಿತು, ಮೊದಲ ವ್ಯಂಜನ ಬೇರೆಯೇ ಆಯಿತು. ಆದರೆ ದನಿ ತಗ್ಗಿನಲ್ಲಿ ಶುರುವಾಗಿ, ಎರಡನೆಯ ಪದದ ಕೊನೆಗೆ ಏರಿ, ಅಲ್ಲಿ ಇಳಿಯದೆ, ಯಾರಾದರೂ ಉತ್ತರ ಕೊಡಲಿ ಎಂಬಂತೆ ಒಂದಿಷ್ಟು ನಿಂತಿತು. ಆ ನಿಲುವು ಆರ್ಮೇನಿಯನ್ನಿನದಲ್ಲ, ಕ್ಯಾಂಟನೀಸಿನದೂ ಅಲ್ಲ. ಅದು ಡಾಕ್ಟರದು. ಕಿವಿ ಸ್ವಲ್ಪ ಮಂದವಾಗಿದ್ದ ಅವರು ಎಲ್ಲ ಮಾತನ್ನೂ ಹಾಗೇ ನಿಲ್ಲಿಸುತ್ತಿದ್ದರು. ಮಗಳ ಕೈ ಬಾಯಿಗೆ ಹೋಯಿತು. “ಇದೇ,” ಎಂದಳು. “ಇದೇ ಆಂಟಿ. ಆಸ್ಪತ್ರೇಲಿ ಇದನ್ನೇ ಹೇಳ್ತಿದ್ರು.”

“ಬೆಂಚಿನ ಮೇಲೆ ಕೂತಾಗ ಕಲಿಸಿದ್ರು. ನಮ್ಮಲ್ಲಿ ರಾಗ ತಪ್ಪಿದ್ರೆ ಮಾತೇ ಬೇರೆ ಆಗತ್ತೆ. ಹಾಗಾಗಿ ಅವರು ಹೇಗೆ ಹೇಳಿದ್ರೋ ಹಾಗೇ ಹಿಡಿದಿಟ್ಕೊಂಡೆ. ರಾಗನೂ ಮಾತಿಗೆ ಸೇರಿದ್ದೇ ಅಂದ್ಕೊಂಡಿದ್ದೆ ನಾನು.” ಆಕೆ ಕಣ್ಣು ತೆರೆದಳು. “ನಿಮ್ಮಪ್ಪ, ಮಗಳಿಗೆ ಜ್ವರ ಬಂದಾಗ ಹೇಳ್ತಿದ್ದೆ, ಅವಳು ಬೇಡ ಅಂದ ಮೇಲೆ ಬಿಟ್ಟೆ, ಬಿಟ್ಟು ಬಿಟ್ಟು ಬಾಯಿ ತುಕ್ಕು ಹಿಡೀತು ಅಂತಿದ್ರು.”

“ಏನು ಹಾಗಂದ್ರೆ?”

“ನಿನ್ನ ನೋವನ್ನ ನಾನು ತಗೊಂಡು ಹೋಗ್ತೀನಿ, ಅಂತ. ಮುದ್ದಿಗೆ ಹೇಳೋದಂತೆ. ನಾನು ತಮಾಷೆ ಮಾಡಿದ್ದೆ, ನಾವು ಇಷ್ಟೆಲ್ಲ ಹೊರೋಕೆ ಹೋಗಲ್ಲಪ್ಪ, ಊಟ ಆಯ್ತಾ ಅಂತ ಕೇಳಿ ಮುಗಿಸ್ತೀವಿ ಅಂತ.”

ಮಗಳು ಕೆಳಗಿಟ್ಟ ಲೋಟದ ನೀರನ್ನೇ ನೋಡಿದಳು. ಆಮೇಲೆ, “ಏನೋ ಬೇಕು ಅಂತ ಕೇಳ್ತಿದಾರೆ ಅಂದ್ಕೊಂಡಿದ್ದೆ,” ಎಂದಳು. “ಬಾಯಾರಿಕೆ ಇರ್ಬೇಕು ಅಂತ, ಅವರು ಹೇಳಿದಾಗೆಲ್ಲ ಚಮಚದಲ್ಲಿ ನೀರು ಹಾಕ್ತಿದ್ದೆ. ಅವರು ನುಂಗಿ ಮತ್ತೆ ಅದನ್ನೇ ಹೇಳೋರು. ನಾನು ಮತ್ತೆ ನೀರು.” ಅವಳು ನಗಲು ಹೋದಳು, ಆ ನಗು ಅರ್ಧದಲ್ಲೇ ಮುರಿಯಿತು. ಟೀಚರಮ್ಮ ಎದ್ದು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅವನು ಕೂತಲ್ಲೇ ಇದ್ದ. ಏನಾದರೂ ಹೇಳಬೇಕಿತ್ತು. ತಾರ್, ತಾನೆಮ್ ಎರಡೂ ಒಂದೇ ಕ್ರಿಯಾಪದದ ರೂಪಗಳು ಎಂಬ ವಾಕ್ಯ ಒಂದೇ ಅವನ ಬಾಯಿಗೆ ಬಂತು. ಅದನ್ನು ನುಂಗಿದ.

ಅವನು ಎದ್ದದ್ದನ್ನು ಅವರು ನೋಡಲಿಲ್ಲವೋ, ನೋಡಿಯೂ ಸುಮ್ಮನಾದರೋ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮೆಟ್ಟಿಲಿಗೆ ಬಂದ. ಒಂದು ಸುತ್ತು ಇಳಿಯುವಷ್ಟರಲ್ಲಿ ಒಳಗಿನಿಂದ ಮಗಳ ದನಿ ಕೇಳಿಸಿತು, ಆ ಎರಡು ಪದಗಳನ್ನು ತಡವರಿಸುತ್ತ ಹೇಳುತ್ತಿದ್ದಳು. ಅಲ್ಲಲ್ಲ, ಅಲ್ಲಿ ಇಳಿಸ್ಬೇಡ, ಅಲ್ಲೇ ನಿಲ್ಲಿಸು ಎಂದು ಟೀಚರಮ್ಮ. ಮಗಳು ಮತ್ತೆ ಹೇಳಿದಳು. ಅವನು ಗೋಡೆಗೆ ಕೈಯೂರಿ ನಿಂತು ಕೇಳಿಸಿಕೊಂಡ. ಯಾವ ಅಕ್ಷರ ಸರಿ, ಯಾವುದು ತಪ್ಪು ಎಂದು ಅವನ ಕಿವಿ ಅಭ್ಯಾಸಬಲದಿಂದ ಆರಿಸಲು ಹೊರಟಿತು. ಬೇಡ ಎಂದು ಅದನ್ನು ತಡೆಯಲು ನೋಡಿದ. ಆಗಲಿಲ್ಲ. ಕಣ್ಣು ತುಂಬಿ ಬಂದು ಮೆಟ್ಟಿಲು ಮಸುಕಾದವು, ಆಗಲೂ ಅವನ ಕಿವಿ ಆರಿಸುತ್ತಲೇ ಇತ್ತು.

ಕೆಳಗಿನಿಂದ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಬಂದ ಒಬ್ಬ ಗಂಡಸು, ಗೋಡೆ ಹಿಡಿದು ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾರು ಬೇಕಾಗಿತ್ತು?” ಎಂದ.

“ಡಾಕ್ಟ್ರು,” ಎಂಬ ಮಾತು ಅವನ ಬಾಯಿಂದ ತಾನಾಗಿ ಬಂತು.

“ಡಾಕ್ಟ್ರಾ? ಈ ಕಟ್ಟಡದಲ್ಲಿ ಯಾವ ಡಾಕ್ಟ್ರೂ ಇಲ್ವಲ್ಲ ಸ್ವಾಮಿ.”

“ಹೌದು,” ಎಂದ ಅವನು. “ಇಲ್ಲ.”

ಆ ಗಂಡಸು ಇನ್ನೂ ನೋಡುತ್ತಿದ್ದ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.